ಸ್ಪೂಲಕ್ಕ ಅಳಿಸಿದ ಡಿಸ್ಕು

ವಿಮಾ ಕಂಪನಿಯ ಮೇನ್‌ಫ್ರೇಮ್ ಕಂಪ್ಯೂಟರಿನ ಕೋಣೆಯಲ್ಲಿ ಎಲ್ಲರೂ ಅವಳಿಗೆ ಇಟ್ಟ ಹೆಸರು ಸ್ಪೂಲಕ್ಕ. ಅಚ್ಚಾಗಬೇಕಾದ ಕಾಗದಪತ್ರಗಳೆಲ್ಲ ಪ್ರಿಂಟರಿನ ಸರದಿಗಾಗಿ ಕಾದು ಕೂರುವ ಜಾಗವೇ ಸ್ಪೂಲ್. ಅದು ತುಂಬಿತೋ, ಇಡೀ ಯಂತ್ರ ಮುಷ್ಕರ ಹೂಡಿದ ಹಾಗೆ ನಿಂತುಬಿಡುತ್ತದೆ. ಅವಳ ಪಾಳಿಯಲ್ಲಿ ಒಮ್ಮೆಯೂ ಹಾಗೆ ನಿಂತಿರಲಿಲ್ಲ. ಆ ಹೆಮ್ಮೆ ಅವಳಿಗೆ ಕೊಂಚ ಜಾಸ್ತಿಯೇ ಇತ್ತು, ಇರಲಿ ಬಿಡಿ.

ಆ ಬೆಳಿಗ್ಗೆ ಸ್ಪೂಲ್ ತುಂಬಿ ತುಳುಕುವುದರಲ್ಲಿತ್ತು. ಮೀಸಲೆಂದು ಇಟ್ಟಿದ್ದ ಡಿಸ್ಕನ್ನು ಸ್ಪೂಲಿಗೆ ಸೇರಿಸದೆ ವಿಧಿಯಿರಲಿಲ್ಲ. ಸೇರಿಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಿದರೆ ಅದರಲ್ಲಿದ್ದದ್ದೆಲ್ಲ ಕೊಚ್ಚಿಹೋಗುತ್ತದೆ. ಅದಕ್ಕೇ ಸ್ಪೂಲಕ್ಕ ಒಳಗೇನಿದೆ ಎಂದು ಇಣುಕಿದಳು. ಖಾಲಿ ಇರಲಿಲ್ಲ! ಪರಿಹಾರದ ಅರ್ಜಿಗಳು ಸಾಲಾಗಿ ಕೂತಿದ್ದವು. ತಕ್ಷಣ ಭಾವನ ಮನೆಗೆ ಫೋನು ಮಾಡಿದಳು. ಭಾವ ಅಂದರೆ ಸ್ವಂತ ಅಕ್ಕನ ಗಂಡ. ಡಿಸ್ಕುಗಳ ಉಸ್ತುವಾರಿಯೆಲ್ಲ ಅವನದೇ, ಅವಳನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ.

“ಭಾವ, ಇದರಲ್ಲಿ ಅರ್ಜಿಗಳಿವೆಯಲ್ಲ?”

“ಅಯ್ಯೋ, ಹಳೇ ಕಸ ಕಣಮ್ಮ ಅದು. ನಕಲು ತೆಗೆದಿಟ್ಟಿದ್ದೀನಿ. ಧೈರ್ಯವಾಗಿ ಅಳಿಸು.”

ಅಳಿಸಿದಳು. ಡಿಸ್ಕು ಸೇರಿತು, ಯಂತ್ರ ಓಡಿತು.

ಮಧ್ಯಾಹ್ನದ ಹೊತ್ತಿಗೆ ಪರಿಹಾರ ವಿಭಾಗದವರು ಬಾಯಿ ಬಡಿದುಕೊಂಡು ಬಂದರು. ಚಾಲ್ತಿಯಲ್ಲಿದ್ದ ಅರ್ಜಿಗಳವು. ನಕಲು? ಎಲ್ಲಿಯ ನಕಲು! ಭಾವ ತೆಗೆದೇ ಇರಲಿಲ್ಲ. ವಿಚಾರಣೆಯಲ್ಲಿ ಆ ಮಹಾನುಭಾವ ಕಣ್ಣು ಮಿಟುಕಿಸದೆ, “ಫೋನು ಮಾಡಿದ್ದಳು, ನಿಜ. ಮುಟ್ಟಬೇಡ ಅಂತಲೇ ಹೇಳಿದ್ದೆ” ಎಂದುಬಿಟ್ಟ. ಅವಳು ಒಳಗೆ ಇಣುಕಿದ್ದು ಯಂತ್ರದಲ್ಲಿ ದಾಖಲಾಗಿತ್ತು. ಆ ಎಚ್ಚರಿಕೆಯೇ ಅವಳ ಕುತ್ತಿಗೆಗೆ ಬಂತು. “ನೋಡಿದ ಮೇಲೂ ಅಳಿಸಿದ್ರಲ್ರೀ!” ಎಂದರು ಮ್ಯಾನೇಜರು. ಭಾವ ಹೇಳಿದ್ದನ್ನು ಕೇಳಿಸಿಕೊಂಡವರು ಯಾರಾದರೂ ಬಂದು ಹೇಳದಿದ್ದರೆ ಅವಳ ಕೆಲಸ ಹೋದಂತೆಯೇ.

ಕೇಳಿಸಿಕೊಂಡವಳು ಒಬ್ಬಳಿದ್ದಳು, ಅಕ್ಕ. ಆ ಬೆಳಿಗ್ಗೆ ಫೋನು ಎತ್ತಿ ಗಂಡನ ಕೈಗೆ ಕೊಟ್ಟವಳೇ ಅವಳು. “ಅವರು ಹೇಳ್ತಿದ್ದಾರಲ್ಲೇ, ಅಳಿಸಿ ಹಾಕು, ಇನ್ನೂ ಸ್ನಾನಕ್ಕೇ ಹೋಗಿಲ್ಲ ಅವರು!” ಎಂದು ಪಕ್ಕದಿಂದ ಗದರಿದ್ದಳು ಕೂಡ. ಸ್ಪೂಲಕ್ಕ ಸಂಜೆಯೇ ಅವಳ ಮನೆಗೆ ಓಡಿದಳು.

ಅಕ್ಕ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

“ಅವರಿಗೆ ಪೆನ್ಶನ್ ಹತ್ತಿರ ಬಂತು ಕಣೆ. ನೀನು ಚಿಕ್ಕವಳು, ಬೇರೆ ಎಲ್ಲಾದ್ರೂ ಕೆಲಸ ಸಿಗುತ್ತೆ.”

“ನೀನು ಕೇಳಿಸ್ಕೊಂಡೆ ತಾನೇ, ಅಕ್ಕ?”

“ನಾನು ಅಡುಗೆಮನೆಯಲ್ಲಿದ್ದೆ.”

ಭಾವ ಸುಳ್ಳು ಹೇಳಿದಾಗ ಬಾರದ ಅಳು ಸ್ಪೂಲಕ್ಕನಿಗೆ ಆಗ ಬಂತು. ಅಳುತ್ತಲೇ ಎದ್ದು ಬಾಗಿಲಲ್ಲಿ ಚಪ್ಪಲಿ ಹುಡುಕಿದಳು.

“ಊಟ ಮಾಡ್ಕೊಂಡು ಹೋಗೇ!” ಎಂದು ಅಕ್ಕ ಒಳಗಿನಿಂದ ಕೂಗಿದಳು, ಎಂದಿನ ಅಕ್ಕರೆಯಲ್ಲೇ.