ದರ್ಜಿಯ ಒದ್ದೆ ಕೂದಲು

ಇಪ್ಪತ್ತೊಂಬತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳಿಗೆ ಬೀದಿಯವರು ಇಟ್ಟ ಹೆಸರು ಚೆಕಿಂಗಮ್ಮ. ನಿವೃತ್ತಿಯಾದ ಮೇಲೂ ಹೆಸರು ಅವಳನ್ನು ಬಿಡಲಿಲ್ಲ, ಅವಳೂ ಕೆಲಸ ಬಿಡಲಿಲ್ಲ. ಹಾಲಿನವನು ಕೇಳದೆಯೇ "ಇವತ್ತು ನೀರು ಬೆರೆಸಿಲ್ಲಮ್ಮ" ಎಂದರೆ ಅವತ್ತೇ ಬೆರೆಸಿದ್ದಾನೆಂದು ತಿಳಿಯುವಳು. ಮೊಮ್ಮಗಳು ಓಡಿ ಬಂದು ತಬ್ಬಿಕೊಂಡರೆ, "ಏನು ಒಡೆದು ಹಾಕಿದೆ, ಹೇಳು" ಎನ್ನುವಳು.

ಅವಳ ಅನುಮಾನದಿಂದ ಪಾರಾಗಿದ್ದವನು ಗಂಡನೊಬ್ಬನೇ. ಅವನು ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಗ್ಗಿಯೇ ಬೆನ್ನು ಬಿಲ್ಲಾಗಿತ್ತು. ಬಾಯಲ್ಲಿ ಸದಾ ಗುಂಡುಪಿನ್ನು ಕಚ್ಚಿಕೊಂಡಿರುವ ಮನುಷ್ಯ ಸುಳ್ಳು ಹೇಳುವುದಾದರೂ ಯಾವಾಗ ಎಂದು ಅವಳೇ ನಗಾಡುತ್ತಿದ್ದಳು.

ಆ ಬೇಸಿಗೆಯಲ್ಲಿ ಮನೆ ಕಾದ ಹಂಚಿನಂತಾಗಿತ್ತು. ಒಂದು ದಿನ ನಾಲ್ಕೂವರೆಗೆ ದರ್ಜಿ ಕತ್ತರಿ ಕೆಳಗಿಟ್ಟು, "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಹೊರಟ. ಬಂದದ್ದು ಆರೂವರೆಗೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಅವಳು ಸರಿಯಾಗಿ ನೋಡಿದಳು. ಕಿವಿಯ ಹಿಂದಿನ ಕೂದಲು ಒದ್ದೆ. ಪ್ಯಾಂಟಿನ ಅಂಚಿಗೆ ಹುಲ್ಲಿನ ಬೀಜ. ಮೈಯಿಂದ ಬರುತ್ತಿದ್ದ ಸೋಪಿನ ವಾಸನೆ ತಮ್ಮ ಮನೆಯ ಸೋಪಿನದಲ್ಲ. ಇದೆಲ್ಲ ಸಾಲದೆಂಬಂತೆ, ಜನ್ಮದಲ್ಲಿ ಸಿಳ್ಳೆ ಹಾಕದವನು ಕೈಕಾಲು ತೊಳೆಯುತ್ತ ಸಿಳ್ಳೆ ಹಾಕುತ್ತಿದ್ದ.

"ಎಲ್ಲಿಗೆ ಹೋಗಿದ್ರಿ?"

"ಹೀಗೇ, ಆ ಕಡೆ."

"ಯಾವ ಕಡೆ?"

"ಗಾಳಿ ಬರೋ ಕಡೆ."

ಅವಳು ಹೆಚ್ಚು ಕೆದಕಲಿಲ್ಲ. ಟಿಕೆಟ್ ಇಲ್ಲದವನನ್ನು ಅವನು ಇಳಿಯುವ ನಿಲ್ದಾಣದವರೆಗೆ ಬಿಟ್ಟು ಹಿಡಿಯಬೇಕು ಎಂಬುದು ಅವಳ ವೃತ್ತಿಯ ಪಾಠ. ತಂಗಿಗೆ ಫೋನು ಮಾಡಿ ಹೇಳಿಕೊಂಡಾಗ ಅವಳು, "ಅಯ್ಯೋ ಅಕ್ಕ, ಅರವತ್ತೆರಡರ ಭಾವನನ್ನ ಯಾರು ಕಣ್ಣೆತ್ತಿ ನೋಡ್ತಾರೆ" ಎಂದು ನಕ್ಕಳು. ಆ ನಗುವೂ ಚೆಕಿಂಗಮ್ಮನಿಗೆ ಸರಿಬೀಳಲಿಲ್ಲ. ಇವಳಿಗೇನಾದರೂ ಗೊತ್ತಿರಬಹುದೇ?

ಮರುದಿನ ಕೊಡೆ ಹಿಡಿದು, ನೂರು ಹೆಜ್ಜೆ ಹಿಂದೆ ಉಳಿದು ಅವನನ್ನು ಹಿಂಬಾಲಿಸಿದಳು. ಮೂರು ಬೀದಿ ದಾಟಿದರೆ ಎಂದೋ ಮುಚ್ಚಿದ ಇಟ್ಟಿಗೆ ಕಾರ್ಖಾನೆ. ಬೀಗ ಬಿದ್ದಿರಬೇಕಾದ ಗೇಟು ಅರೆ ತೆರೆದಿತ್ತು. ದರ್ಜಿ ಒಮ್ಮೆ ಹಿಂತಿರುಗಿ ನೋಡಿ ಒಳಗೆ ನುಸುಳಿದ. ಸ್ವಲ್ಪ ಹೊತ್ತಿನಲ್ಲೇ ಗೋಡೆಯಾಚೆಯಿಂದ ಹೆಂಗಸೊಬ್ಬಳ ನಗು ಕೇಳಿಸಿತು. ಚೆಕಿಂಗಮ್ಮ ಕೊಡೆ ಮಡಚಿ ಗೇಟಿನೊಳಗೆ ನುಗ್ಗಿದಳು.

ಒಳಗೆ ಮರಗಳ ನೆರಳಲ್ಲಿ, ಹಿಂದೆ ಮಣ್ಣು ನೆನೆಸಲು ಕಟ್ಟಿಸಿದ್ದ ದೊಡ್ಡ ಕಲ್ಲಿನ ತೊಟ್ಟಿಯಿತ್ತು. ಈಗ ಅದರ ತುಂಬ ತಿಳಿನೀರು. ಮೆಟ್ಟಿಲ ಮೇಲೆ ಹೆಚ್ಚಿಟ್ಟ ಸೌತೆಕಾಯಿ, ಒಂದು ಸೋಪು. ನೀರಿನ ನಡುವೆ, ಮದುವೆಯಾದ ಹೊಸತರಲ್ಲಿ ನದೀತೀರಕ್ಕೆ ಕರೆದೊಯ್ದರೆ ಪಾದ ನೆನೆಸಲೂ ಹೆದರಿದ್ದ ಅವಳ ಗಂಡ, ಹಲಗೆಯಂತೆ ಅಂಗಾತ ತೇಲುತ್ತಿದ್ದ. ಅವನ ಬೆನ್ನಿಗೆ ಅಂಗೈ ಕೊಟ್ಟು ನಿಂತಿದ್ದವಳು ಹಿಂದಿನ ಬೀದಿಯ ನಿವೃತ್ತ ನರ್ಸು. "ಉಸಿರು ಬಿಡಿ, ದರ್ಜಿಯವರೇ. ನೀರು ನಿಮ್ಮನ್ನ ನುಂಗಲ್ಲ" ಎನ್ನುತ್ತಿದ್ದಳು.

"ನೀರು ನುಂಗದಿದ್ರೆ ನಾನು ನುಂಗ್ತೀನಿ" ಎಂದಳು ಚೆಕಿಂಗಮ್ಮ.

ದರ್ಜಿ ಮುಳುಗಿದ. ನರ್ಸು ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದಳು. ನೀರು ಅವನ ಎದೆಮಟ್ಟ ಅಷ್ಟೇ.

"ನನಗ್ಯಾಕೆ ಹೇಳಲಿಲ್ಲ?"

ಅವನು ಮುಖ ಒರೆಸಿಕೊಂಡ. "ಹೇಳಿದ್ರೆ ನೀನು ಬರ್ತಿದ್ದೆ. ಆಳ ಎಷ್ಟು, ಜಾಗ ಯಾರದು, ಗೇಟು ತೆಗೆದವರು ಯಾರು, ಅಂತ ಕೇಳ್ತಿದ್ದೆ. ಆಮೇಲೆ ನಾನು ನೀರಿಗೆ ಇಳೀತಿರಲಿಲ್ಲ."

ಅಷ್ಟೂ ಪ್ರಶ್ನೆಗಳು ಅವಳ ನಾಲಿಗೆಯ ತುದಿಯಲ್ಲೇ ಇದ್ದವು. ನುಂಗಿಕೊಂಡಳು. ಗೇಟಿನ ವಿಷಯ ನರ್ಸೇ ಹೇಳಿದಳು: ಇಲ್ಲಿನ ಕಾವಲುಗಾರ ಅವಳ ಅಣ್ಣ, ಮಾಲೀಕರು ಬೇಡವೆಂದಿಲ್ಲ.

"ನಿಮಗೇನು ಲಾಭ ಇದರಲ್ಲಿ?" ಚೆಕಿಂಗಮ್ಮ ನೇರವಾಗಿ ಕೇಳಿದಳು.

"ಒಬ್ಬಳೇ ಈಜಿ ಈಜಿ ಬೇಜಾರಾಗಿತ್ತು."

ಚೆಕಿಂಗಮ್ಮ ನಂಬಲಿಲ್ಲ. ಮರುದಿನ ತಾನೂ ಬಂದು, ಕೊಡೆಯಡಿ ಮೆಟ್ಟಿಲ ಮೇಲೆ ಕುಳಿತು, ನರ್ಸಿನ ಅಂಗೈಯನ್ನೇ ನೋಡಿದಳು. ಅದು ಬೆನ್ನಿನಿಂದ ಒಂದಿಂಚೂ ಆಚೀಚೆ ಸರಿಯಲಿಲ್ಲ. ಹೊರಡುವಾಗ ಅದೇ ಪ್ರಶ್ನೆ ಮತ್ತೆ ಕೇಳಿದಳು, ಅದೇ ಉತ್ತರ ಬಂತು. ವಾರ ಬಿಟ್ಟು ಕೇಳಿದಳು, ಆಗಲೂ ಅದೇ. ಸುಳ್ಳಿಗೆ ಇಷ್ಟು ನೆನಪಿನ ಶಕ್ತಿ ಇರುವುದಿಲ್ಲವೆಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ಆದರೂ ದಿನಾ ಬಂದಳು. ಸೌತೆಕಾಯಿ ಕಹಿಯಿರಬಹುದೆಂದು ಮೂಸಿ ನೋಡಿ ತಿಂದಳು. ನೆರಳಲ್ಲಿ ಬೀಸುವ ಗಾಳಿಗೆ ಎರಡು ಸಲ ತೂಕಡಿಸಿದಳು, ಕೇಳಿದರೆ ಕಣ್ಣು ಮುಚ್ಚಿ ಯೋಚಿಸುತ್ತಿದ್ದೆ ಎಂದಳು.

ದರ್ಜಿ ಮೊದಲ ಬಾರಿಗೆ ಯಾರ ಕೈಯೂ ಇಲ್ಲದೆ ಆಚೆ ದಡ ಮುಟ್ಟಿದ ದಿನ, ಅವಳು ತನಗರಿವಿಲ್ಲದೆ ಎದ್ದು ನಿಂತಿದ್ದಳು. ಅವನು ಅಲ್ಲಿಂದ ಕೈಯೆತ್ತಿದ. ನಲವತ್ತು ವರ್ಷದಲ್ಲಿ ಅವಳು ಆ ಮುಖದಲ್ಲಿ ಅಂಥ ಹೆಮ್ಮೆ ಕಂಡಿರಲಿಲ್ಲ.

ಮುಂದಿನ ವಾರ ಅವಳು ಗಂಡನನ್ನು ಗೇಟಿನ ಬಳಿ ಕಾವಲಿಗೆ ನಿಲ್ಲಿಸಿ, ಸೀರೆ ಎತ್ತಿ ಕಟ್ಟಿ, ನರ್ಸಿನ ಕೈ ಹಿಡಿದು ಮೂರು ಮೆಟ್ಟಿಲು ಇಳಿದಳು. ತಣ್ಣನೆಯ ನೀರು ಮೊಣಕಾಲು ಸುತ್ತಿಕೊಂಡಿತು.

"ಯಾರೂ ಬರ್ತಿಲ್ಲ ತಾನೇ?" ಎಂದು ಕೂಗಿದಳು.

"ಯಾರೂ ಇಲ್ಲ."

"ಸರಿಯಾಗಿ ನೋಡಿದ್ರಾ?"

"ನೋಡಿದೆ ಮಾರಾಯ್ತಿ, ಇಳಿ."

ಅವಳು ತಾನೇ ಒಮ್ಮೆ ಸುತ್ತ ಕಣ್ಣಾಡಿಸಿ, ನಾಲ್ಕನೆಯ ಮೆಟ್ಟಿಲಿಗೆ ಕಾಲಿಟ್ಟಳು.