ರಾಗಿಯ ಸುತ್ತ ಇಟ್ಟ ಕಲ್ಲುಗಳು

ಶಿವರಾತ್ರಿ ಕಳೆದ ಮರು ಭಾನುವಾರ, ಬೆಳಿಗ್ಗೆ ಏಳು ಗಂಟೆ. ನಮ್ಮ ಜಗಲಿಯಲ್ಲಿ ಹಾಜರಿದ್ದವರು ಇಬ್ಬರೇ: ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದ ನಾನು, ಕುರಿ ಸಾಕುವ ಪಕ್ಕದ ಮನೆಯ ಅಕ್ಕ. ಬರುತ್ತೇವೆಂದಿದ್ದ ಉಳಿದವರು ಬರಲಿಲ್ಲ. ಕಾಯುವುದು ನನ್ನ ಪದ್ಧತಿಯಲ್ಲ, ಹೊರಟೆವು.

ಪಂಚಾಯ್ತಿ ಚುನಾವಣೆ ಹತ್ತಿರ ಬಂದಿತ್ತು. ಹೊಂಗನೂರಿನ ಕಡೆಗೆ ಹೋಗುವ ನಮ್ಮ ರಸ್ತೆಗೆ ಡಾಂಬರು ಬಿದ್ದಂದಿನಿಂದ ಟಿಪ್ಪರುಗಳು ಮೈಮೇಲೆ ಬಂದಂತೆ ಓಡುತ್ತವೆ. ನಡೆಯುವವರಿಗೆ, ಸೈಕಲ್ಲಿನವರಿಗೆ ಅಂಚೇ ಇಲ್ಲ. ರಾಗಿ ಒಕ್ಕಣೆಯ ಕಾಲದಲ್ಲಿ ಅಕ್ಕನ ಮೊಮ್ಮಗಳು ಹೈಸ್ಕೂಲಿನಿಂದ ಸೈಕಲ್ಲಿನಲ್ಲಿ ಬರುವಾಗ ಟಿಪ್ಪರ್ ತಗುಲಿ ಕಾಲು ಮುರಿದುಕೊಂಡಳು. ಮೂಳೆ ಕೂಡಿತು. ಆದರೆ ಮನೆಯವರು ಸೈಕಲ್ಲನ್ನು ಕುರಿರೊಪ್ಪದ ಸೂರಿಗೆ ನೇತುಹಾಕಿದರು. ಶಾಲೆಯ ಹೊತ್ತಿಗೆ ಬಸ್ಸಿಲ್ಲ. ರಸ್ತೆ ಹೀಗೇ ಇದ್ದರೆ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಕಳಿಸುವುದಿಲ್ಲ ಎಂದುಬಿಟ್ಟರು. ಆದ್ದರಿಂದಲೇ ನಾವು ಹೊರಟದ್ದು. ರಸ್ತೆಯ ಪಕ್ಕ ನಡೆಯಲು ಜಾಗ, ಶಾಲೆಯ ಬಳಿ ಹಂಪು, ಇವನ್ನು ಮಾಡಿಸುತ್ತೇನೆಂದು ಊರ ಮುಂದೆ ಒಪ್ಪಿದವರಿಗೇ ಓಟು ಹಾಕಿ ಎಂದು ಮನೆಮನೆಗೆ ಹೇಳಬೇಕಿತ್ತು.

ಮೊದಲ ಮನೆಯಲ್ಲೇ ತಡೆ. "ನಮ್ಮೋರು ನಿಂತವ್ರೆ. ಇನ್ನೊಬ್ರಿಗೆ ಹೆಂಗ್ ಹಾಕಾದು ಮೇಷ್ಟ್ರೇ?"

"ಹಾಕಬೇಡಿ. ನಿಮ್ಮೋರನ್ನೇ ಕೇಳಿ, ಮಾಡಿಸ್ತೀಯೇನಪ್ಪಾ ಅಂತ" ಎಂದೆ.

ನಮ್ಮ ಕಡೆ ರಾಗಿ ತೆನೆಯನ್ನೂ ಹುರುಳಿ ಗಿಡವನ್ನೂ ರಸ್ತೆಯ ಮೇಲೆ ಹಾಸುತ್ತೇವೆ. ಹೋಗಿಬರುವ ಗಾಡಿಗಳೇ ಒಕ್ಕಿಕೊಡುತ್ತವೆ. ಕಾಳನ್ನು ಅಲ್ಲೇ ಒಣಗಹಾಕಿ, ಗಾಡಿ ಹತ್ತದಂತೆ ಸುತ್ತ ಕಲ್ಲಿಡುತ್ತೇವೆ. ತಿರುವಿನಲ್ಲಿ ಒಬ್ಬ ರೈತ ಹುರುಳಿಗೆ ಹಾಗೆ ಕಲ್ಲು ಜೋಡಿಸುತ್ತಿದ್ದ.

"ಏನ್ ಮೇಷ್ಟ್ರೇ, ಬೆಳಿಗ್ಗೇನೇ ಪರೇಡ್ ಹೊಂಟೈತೆ?"

ವಿಷಯ ಹೇಳಿದೆ. ಅವನು ಅಕ್ಕನ ಕಡೆ ತಿರುಗಿದ. "ಟಿಪ್ಪರ್‌ನೋನ್ನ ಬಯ್ತೀಯಲ್ಲಕ್ಕ, ನಿನ್ ಮೊಮ್ಮಗ್ಳು ನಡು ರಸ್ತೆಗೆ ಯಾಕ್ ಬಂದ್ಲು? ನಿಮ್ ರಾಗಿಗಿಟ್ಟಿದ್ ಕಲ್ಲು ತಪ್ಸಕ್ಕಲ್ವಾ?"

ಊರಿಗೆಲ್ಲ ಗೊತ್ತಿದ್ದ ಮಾತು. ಅವಳ ಎದುರು ಯಾರೂ ಆಡಿರಲಿಲ್ಲ. ಅಕ್ಕ ಅವನ ಕಲ್ಲುಗಳ ಕಡೆ ಕೈ ತೋರಿದಳು.

"ಊಂ ಕಣಪ್ಪ, ನಮ್ಮವೇ ಕಲ್ಲು. ಅದ್ಕೇ ಹೇಳ್ತಿವ್ನಿ, ಈ ಕಲ್ಲ ತಗಿ."

"ತಗ್ದು ಎಲ್ಲಿ ಒಣಗಿಸ್ಲಿ, ಮೇಷ್ಟ್ರ ಬೋಳು ತಲೆ ಮ್ಯಾಲಾ? ಊರ ಕಣ ಸೈಟಾಗೋಯ್ತು."

ಬೇಡಿಕೆಗೆ ಅಲ್ಲೇ ಇನ್ನೊಂದು ಸೇರಿಸಿದೆ: ಊರಿಗೊಂದು ಒಕ್ಕಣೆ ಕಣ.

"ಅಂಗಾದ್ರೆ ನನ್ ಓಟೂ ಐತೆ. ಒಸಿ ತಡೀರಿ, ಈ ಕಾಳು ಒಣಗ್ಲಿ" ಎಂದ. ಕಲ್ಲು ಮಾತ್ರ ತೆಗೆಯಲಿಲ್ಲ.

ಉಳಿದ ಮನೆಗಳನ್ನೂ ಮುಗಿಸಿದೆವು. ಕೆಲವರು ಒಪ್ಪಿದರು. ದಾರಿಯಲ್ಲಿ ಸಿಕ್ಕ ಅಭ್ಯರ್ಥಿಯೊಬ್ಬರು ನನ್ನ ಮಾತು ಮುಗಿಯುವ ಮೊದಲೇ "ಆಗ್ಲಿ, ಆಗ್ಲಿ" ಎಂದು ಕೈ ಮುಗಿದರು. ಕೇಳಿಸಿಕೊಳ್ಳದೆ ಒಪ್ಪಿದ್ದು ನನಗೆ ಸಮಾಧಾನ ತರಲಿಲ್ಲ.

ಸಂಜೆ ಅಕ್ಕನ ಮನೆಯ ಮುಂದೆ ಬಂದೆವು. ಅವಳ ರಾಗಿ ಚೀಲ ಸೇರಿ ಎಷ್ಟೋ ಕಾಲವಾಗಿತ್ತು; ಕಲ್ಲುಗಳು ಇನ್ನೂ ಡಾಂಬರಿನ ಅಂಚಿನಲ್ಲೇ ಇದ್ದವು. ಮುಂದಿನ ಸುಗ್ಗಿಗೆ ಬೇಕೆಂದು ಯಾರೂ ತೆಗೆಯುವುದಿಲ್ಲ. ಅಕ್ಕ ಬಗ್ಗಿ ಒಂದನ್ನು ಎತ್ತಿಕೊಂಡಳು. ನಾನೂ ಎತ್ತಿದೆ.

ಮೊಮ್ಮಗಳು ಬಾಗಿಲಿಗೆ ಬಂದಳು. "ಅಜ್ಜಿ, ಸೈಕಲ್ ಇಳಿಸ್ಲಾ?"

"ಓಟಾಗ್ಲಿ, ತಡಿಯವ್ವ."

ಆಗಲೇ ಟಿಪ್ಪರೊಂದು ಬಂತು. ಇಬ್ಬರೂ ಚರಂಡಿಗೆ ಇಳಿದು ನಿಂತೆವು. ಧೂಳು ಇಳಿದ ಮೇಲೆ ಹತ್ತಿ ಬಂದು, ಉಳಿದ ಕಲ್ಲುಗಳನ್ನೂ ಬೇಲಿಯ ಬುಡಕ್ಕೆ ಸಾಗಿಸಿ ಕೈ ತೊಳೆದುಕೊಂಡೆವು.