ನಮ್ಮ ಸೋಲಿಗೆ ಚಪ್ಪಾಳೆ ತಟ್ಟಿದವರು

ನಾವು ಬಂದು ನೆಲೆಸಿರುವ ಈ ಪರದೇಶದಲ್ಲಿ ಕಳೆದ ವಾರ ಬ್ಲಾಂಚರ್ಡ್ಸ್‌ಟೌನಿನ ಆಫ್ರಿಕನ್ ಅಂಗಡಿಯಲ್ಲಿ ಹಸಿ ಕಡಲೆಕಾಯಿ ಸಿಕ್ಕಿತು. ಮನೆಗೆ ತಂದು ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿದೆ. ಮುಚ್ಚಳ ತೆಗೆದದ್ದೇ ತಡ, ಆ ಮಣ್ಣಿನ ಬಿಸಿ ವಾಸನೆ ಅಡುಗೆಮನೆ ತುಂಬಿತು. ನೇಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಮೆರಿಕದ ಅಂಕಲ್ ನೆನಪಾದರು...

ಎತ್ತರದ ಕಪ್ಪು ಮನುಷ್ಯರು, ಎಪ್ಪತ್ತು ದಾಟಿತ್ತು. ಹೆಂಡತಿ ನೇಸ್ ಊರಿನವರೇ, ಅಮೆರಿಕದಲ್ಲಿ ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಇಬ್ಬರೂ ಇಲ್ಲಿ ಬಂದು ನೆಲೆಸಿದ್ದರು. ಒಂದು ಶನಿವಾರ ಇದೇ ವಾಸನೆ ಬೇಲಿ ದಾಟಿ ಹೋಗಿ ಅವರನ್ನು ಎಳೆದು ತಂದಿತು. ಅವರ ಅಜ್ಜಿಯೂ ಕಡಲೆಕಾಯಿಯನ್ನು ಹೀಗೇ ಉಪ್ಪುನೀರಿನಲ್ಲಿ ಬೇಯಿಸುತ್ತಿದ್ದರಂತೆ. ನಿಂತಲ್ಲೇ ಒಂದು ಬಟ್ಟಲು ಖಾಲಿ ಮಾಡಿ, ಬಟ್ಟಲನ್ನು ಮತ್ತೆ ಬೇಲಿಯ ಮೇಲಿಂದ ಚಾಚಿದರು.

ಆಗಲೇ ನಮ್ಮ ಕನ್ನಡದವರದ್ದೊಂದು ಕ್ರಿಕೆಟ್ ತಂಡವಿತ್ತು. ಭಾನುವಾರ ಭಾನುವಾರ ಆಡುವುದು, ಭಾನುವಾರ ಭಾನುವಾರ ಸೋಲುವುದು. ಕ್ಯಾಪ್ಟನ್ ಬೆಂಗಳೂರಿನ ಹುಡುಗ. ಚೆಂಡು ಹೆಕ್ಕಲು ಬಗ್ಗಿದರೆ ಅವನ ಬೆನ್ನು ಹಿಡಿದುಕೊಳ್ಳುತ್ತಿತ್ತು. ನನ್ನ ಗಂಡ ಚಳಿಗೆ ಜೇಬಿನಿಂದ ಕೈ ತೆಗೆಯದೆ ಫೀಲ್ಡಿಂಗ್ ಮಾಡುತ್ತಿದ್ದರು. ನಾನು ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ವೇಗದ ಬೌಲಿಂಗ್ ಮಾಡಿದವಳು. ಸೇರಿಸಿಕೊಳ್ಳಿ ಎಂದು ಕೇಳಿದ್ದಕ್ಕೆ ಕ್ಯಾಪ್ಟನ್ ಕೈ ಮುಗಿದಿದ್ದ. "ಅಕ್ಕಾ, ನಿಮಗೆ ಪೆಟ್ಟು ಗಿಟ್ಟು ಬಿದ್ರೆ ನಮಗೆ ಕೆಟ್ಟ ಹೆಸ್ರು. ನೀವು ಚಿತ್ರಾನ್ನ ತನ್ನಿ ಸಾಕು, ಅದೇ ನಮ್ಮ ಸ್ಟ್ರೆಂತು."

ಹೀಗಾಗಿ ನನ್ನ ಸಿಟ್ಟನ್ನೆಲ್ಲ ಹಿತ್ತಲಿನ ಕಸದ ಬಿನ್ನಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಟೆನಿಸ್ ಚೆಂಡು ಬಿನ್ನಿಗೆ ಬಡಿದಾಗಲೆಲ್ಲ ಪಕ್ಕದ ಮನೆಯ ಪರದೆ ಸರಿಯುತ್ತಿತ್ತು.

ಒಂದು ಭಾನುವಾರ ಅಂಕಲ್ ಮಡಚುವ ಕುರ್ಚಿ ಹಿಡಿದು ನಮ್ಮ ಕಾರಿನಲ್ಲೇ ಮ್ಯಾಚಿಗೆ ಬಂದರು. ಕ್ರಿಕೆಟ್ಟಿನ ತಲೆಬುಡ ಅವರಿಗೆ ಗೊತ್ತಿರಲಿಲ್ಲ. ನಮ್ಮವರ ವಿಕೆಟ್ ಬೀಳುವುದು ಮಾತ್ರ ಹೇಗೋ ತಿಳಿಯುತ್ತಿತ್ತು. ಬಿದ್ದಾಗಲೆಲ್ಲ ಎದ್ದು ನಿಂತು ಚಪ್ಪಾಳೆ! ಪಾಪ, ಗೊತ್ತಿಲ್ಲದೆ ಹೊಡೆಯುತ್ತಿದ್ದಾರೆಂದು ನನ್ನ ಗಂಡ ಹತ್ತಿರ ಹೋಗಿ, ನಮ್ಮವರು ಯಾರು, ಎದುರಿನವರು ಯಾರು ಎಂದು ವಿವರಿಸಿ ಬಂದರು. ಅಂಕಲ್ ಎಲ್ಲವನ್ನೂ ಕೇಳಿಸಿಕೊಂಡು ಥ್ಯಾಂಕ್ಸ್ ಹೇಳಿದರು. ಮುಂದಿನ ವಿಕೆಟ್ಟಿಗೆ ಇನ್ನೂ ಜೋರಾಗಿ ತಟ್ಟಿದರು.

ಮೂರ್ನಾಲ್ಕು ವಾರ ಇದೇ ನಡೆಯಿತು. ಕೊನೆಗೆ ಟೀ ಬ್ರೇಕಿನಲ್ಲಿ ಕ್ಯಾಪ್ಟನ್ ತಡೆಯಲಾರದೆ ಕೇಳಿಯೇ ಬಿಟ್ಟ. "ಅಂಕಲ್, ತಿನ್ನೋದು ನಮ್ಮ ಚಿತ್ರಾನ್ನ, ಚಪ್ಪಾಳೆ ಅವ್ರಿಗಾ?"

ಅಂಕಲ್ ತಟ್ಟೆ ಕೆಳಗಿಟ್ಟು ಹೇಳತೊಡಗಿದರು. ಅವರು ಹದಿಹರೆಯದಲ್ಲಿದ್ದಾಗ ಅವರ ಊರಲ್ಲೊಂದು ಅಮೆರಿಕನ್ ಫುಟ್‌ಬಾಲ್ ತಂಡವಿತ್ತಂತೆ, ಸಂಬಳ ತೆಗೆದುಕೊಂಡು ಆಡುವವರದ್ದು. ಕಪ್ಪು ಜನರು ಕೂರುವ ಜಾಗವೇ ಬೇರೆ, ಕುಡಿಯುವ ನಲ್ಲಿಯೇ ಬೇರೆ ಎನ್ನುವ ಕಾಲ. ಉಳಿದ ತಂಡಗಳೆಲ್ಲ ಕಪ್ಪು ಆಟಗಾರರನ್ನು ಸೇರಿಸಿಕೊಂಡ ಮೇಲೂ ಈ ತಂಡದ ಮಾಲೀಕ ಮಾತ್ರ ಒಲ್ಲೆ ಎಂದು ಕೂತಿದ್ದನಂತೆ. ಆ ವರ್ಷ ಸೋತರು ನೋಡಿ, ವಾರ ವಾರವೂ ಸೋತರು. ಅಂಕಲ್ ಕೇರಿಯ ಕ್ಷೌರದಂಗಡಿಯಲ್ಲಿ ಎಲ್ಲರೂ ರೇಡಿಯೋ ಸುತ್ತ ಸೇರುತ್ತಿದ್ದರಂತೆ. ಎದುರು ತಂಡದ ಕಪ್ಪು ಹುಡುಗನೊಬ್ಬ ಚೆಂಡು ಹಿಡಿದು ಊರ ತಂಡದವರನ್ನು ದಾಟಿಕೊಂಡು ಓಡಿದನೆಂದರೆ ಅರ್ಧ ಗಡ್ಡ ಬೋಳಿಸಿಕೊಂಡವರೂ ಎದ್ದು ಕುಣಿಯುತ್ತಿದ್ದರಂತೆ.

"ನಮ್ಮೂರ ತಂಡ ಸೋತ್ರೆ ನಮ್ಮ ಕೇರಿಗೆ ಹಬ್ಬ" ಎಂದು ಅಂಕಲ್ ನನ್ನ ಕಡೆ ಕೈ ತೋರಿಸಿದರು. "ನಿಮ್ಮ ಬೌಲರ್ ಇಲ್ಲಿ ಕೂತು ಅನ್ನ ಬಡಿಸ್ತಾ ಇದ್ದಾಳೆ. ನೀವು ಇನ್ನೂ ಸೋಲ್ಬೇಕು."

ಕ್ಯಾಪ್ಟನ್ ನಕ್ಕ. ಬೇರೆ ಯಾರೂ ನಗಲಿಲ್ಲ. ಅವನ ನಗೆಯೂ ಅರ್ಧಕ್ಕೇ ನಿಂತಿತು... ಆ ಗುರುವಾರ ಸಂಜೆ ಅವನು ನಮ್ಮ ಬಾಗಿಲಿಗೆ ಬಂದ. "ಅಕ್ಕಾ, ಭಾನುವಾರ ಶೂ ಹಾಕ್ಕೊಂಡ್ ಬನ್ನಿ" ಎಂದ. ಹೊರಟವನು ತಿರುಗಿ, "ಚಿತ್ರಾನ್ನಾನೂ ತರ್ತೀರಲ್ವಾ?" ಎಂದ.

ಭಾನುವಾರ ಮೈದಾನಕ್ಕಿಳಿಯುವ ಮೊದಲು ಶೂ ಲೇಸನ್ನು ಎರಡೆರಡು ಸಲ ಬಿಚ್ಚಿ ಕಟ್ಟಿದೆ. "ಯು ವಿಲ್ ಬಿ ಗ್ರ್ಯಾಂಡ್, ಅಮ್ಮಾ" ಎಂದು ಮಗಳು ಇಲ್ಲಿನವರ ಧಾಟಿಯಲ್ಲೇ ಧೈರ್ಯ ಹೇಳಿ ಬೆನ್ನು ತಟ್ಟಿದಳು. ಮೊದಲ ಚೆಂಡು ಎಷ್ಟು ಅಡ್ಡ ಹೋಯಿತೆಂದರೆ ಅಂಪೈರೇ ಪಕ್ಕಕ್ಕೆ ಜಿಗಿದರು. ಆಮೇಲೆ ಕೈ ಕುದುರಿತು. ಎರಡು ಸ್ಟಂಪು ಹಾರಿಸಿದೆ. ಅಂಕಲ್ ಕುರ್ಚಿ ಬಿಟ್ಟು ಗೆರೆಯವರೆಗೂ ಬಂದಿದ್ದರು. ಎದುರಿನವರಿಗೆ ಉಳಿದದ್ದು ಒಂದೇ ವಿಕೆಟ್, ಗೆಲ್ಲಲು ಬೇಕಿದ್ದದ್ದು ಒಂದೇ ರನ್. ನನ್ನ ಚೆಂಡನ್ನು ಅವರ ಹುಡುಗ ಎತ್ತಿ ಹೊಡೆದ. ಅದು ಮೆಲ್ಲಗೆ ಇಳಿದು ನೇರವಾಗಿ ನನ್ನ ಗಂಡನ ಬಳಿಗೇ ಬಂತು. ಕೈಗಳು ಜೇಬಿನಲ್ಲಿದ್ದವು. ಒಂದು ಹೊರಗೆ ಬಂತು, ಇನ್ನೊಂದು ಸಿಕ್ಕಿಹಾಕಿಕೊಂಡಿತು...

ಸೋತೆವು.

ಈ ಸಲ ಚಪ್ಪಾಳೆ ಬೀಳಲಿಲ್ಲ. ಅಂಕಲ್ ಟೋಪಿಯನ್ನು ನೆಲಕ್ಕೆ ಬಡಿದರು. ಅಂಪೈರನ್ನು ಬೈದರು, ಗಾಳಿಯನ್ನು ಬೈದರು, ನನ್ನ ಗಂಡನ ಪ್ಯಾಂಟ್ ಹೊಲಿದವನನ್ನೂ ಬಿಡಲಿಲ್ಲ. ಮನೆ ಮುಂದೆ ಇಳಿದ ಮೇಲೆ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಆವತ್ತೂ ಹೀಗೇ ಆಯ್ತು. ಸರ್ಕಾರ ಗದರಿಸಿದ ಮೇಲೆ ಆ ಮಾಲೀಕ ನಮ್ಮವನೊಬ್ಬನನ್ನ ಸೇರಿಸ್ಕೊಂಡ. ಎಲ್ರೂ ಕುಣಿದ್ವಿ. ಆಮೇಲೆ ತಂಡ ಸೋತ್ರೆ ನಂಗೆ ನಿದ್ದೆ ಬರ್ತಿರ್ಲಿಲ್ಲ. ಅಲ್ಲೀವರೆಗೂ ಎಷ್ಟು ಆರಾಮಾಗಿದ್ದೆ ಗೊತ್ತಾ?"

ಎರಡು ವರ್ಷದ ನಂತರ ಅವರು ತೀರಿಕೊಂಡರು. ಇಲ್ಲಿನ ಪದ್ಧತಿಯಂತೆ ದೇಹವನ್ನು ಮನೆಯಲ್ಲೇ ಮಲಗಿಸಿದ್ದರು. ಬಂದವರಿಗೆಲ್ಲ ಟೀ, ಸ್ಯಾಂಡ್‌ವಿಚ್. ತಂಡದವರೆಲ್ಲ ಹೋಗಿದ್ದೆವು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಆಸ್ಪತ್ರೇಲಿ ಭಾನುವಾರ ಆದ್ರೆ ನಿಮ್ಮ ಮ್ಯಾಚ್ ಏನಾಯ್ತು ಅಂತ ಕೇಳ್ತಿದ್ರು. ಗೆದ್ರು ಅಂತ ನಾನು ಸುಳ್ಳು ಹೇಳ್ತಿದ್ದೆ" ಎಂದರು.

"ನಂಬಿದ್ರಾ?" ಎಂದೆ.

"ಒಂದು ಸಲಾನೂ ಇಲ್ಲ."

ಇಬ್ಬರೂ ನಕ್ಕೆವು. ಆಮೇಲೆ ಅವರು ಅತ್ತರು, ನಾನೂ ಅತ್ತೆ.

ಮೊನ್ನೆ ಭಾನುವಾರವೂ ಸೋತೆವು. ಎಲ್ಲರೂ ನಗುತ್ತಾ ಚಿತ್ರಾನ್ನ ತಿಂದು ಮನೆಗೆ ಹೊರಟರು. ನಮ್ಮ ಮೇಲೆ ಸಿಟ್ಟು ಮಾಡಿಕೊಳ್ಳುವವರು ಯಾರೂ ಇರಲಿಲ್ಲ.